ಆಗುಂಬೆಯ ಮಳೆ ಲೆಕ್ಕ ಸರಿಯಾಗಲಿ: ಒಂದು ಬಹಿರಂಗ ಪತ್ರ

ಶಿವಮೊಗ್ಗ ಮತ್ತು ಉಡುಪಿ ಜಿಲ್ಲಾಡಳಿತಗಳಿಗೆ, ಆಗುಂಬೆ ಗ್ರಾಮ ಪಂಚಾಯಿತಿಗೆ, ಮಳೆ ದಾಖಲೆಯ ಹೊಣೆ ಹೊತ್ತ ಎಲ್ಲ ಇಲಾಖೆಗಳಿಗೆ

ಮಾನ್ಯರೇ,

ಜೂನ್ ಕಾಲಿಟ್ಟಿತೆಂದರೆ ಪತ್ರಿಕೆಗಳಲ್ಲಿ ಹಳೆಯ ಜಗಳ ಶುರುವಾಗುತ್ತದೆ. ಈ ಸಲ ಹೆಚ್ಚು ಮಳೆ ಆಗುಂಬೆಯಲ್ಲೋ ಹುಲಿಕಲ್ಲಿನಲ್ಲೋ? ‘ದಕ್ಷಿಣದ ಚಿರಾಪುಂಜಿ’ ಎಂಬ ಬಿರುದು ಯಾವ ಊರಿಗೆ ಸಲ್ಲಬೇಕು? ಈ ಪೈಪೋಟಿ ನಮಗೆ ಬೇಡ. ಬಿರುದು ನೋಡಿ ಯಾರೂ ಮೋರಿಯ ಅಗಲ ನಿಗದಿ ಮಾಡುವುದಿಲ್ಲ, ಅಡಿಕೆಗೆ ಔಷಧಿ ಹೊಡೆಯುವ ದಿನವನ್ನೂ ಗೊತ್ತು ಮಾಡುವುದಿಲ್ಲ. ಅದಕ್ಕೆಲ್ಲ ಬೇಕಾದದ್ದು ಅಂಕಿ. ಎಲ್ಲಿ ಅಳೆದದ್ದು, ಯಾವ ಉಪಕರಣದಲ್ಲಿ ಅಳೆದದ್ದು, ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗಿನದು ಎಂಬ ವಿವರ ಅಂಟಿಕೊಂಡಿರುವ ಅಂಕಿ. ಆಗುಂಬೆಯಂಥ ಊರಿನಲ್ಲಿ ಅಂಥ ಅಂಕಿ ಪಡೆಯುವುದು ಬಯಲುಸೀಮೆಯಲ್ಲಿ ಪಡೆದಷ್ಟು ಸುಲಭವಲ್ಲ. ಏಕೆ ಸುಲಭವಲ್ಲ, ಹೇಗೆ ಮಾಡಿದರೆ ಆಗುತ್ತದೆ ಎಂಬುದನ್ನು ಮಳೆಗಾಲ ಹಿಡಿಯುವ ಮೊದಲೇ ತಮ್ಮ ಮುಂದಿಡಬೇಕೆಂದು ಈ ಪತ್ರ.

ಮೊದಲು ಊರಿನ ನೆಲೆ. ಆಗುಂಬೆ ತೀರ್ಥಹಳ್ಳಿ ತಾಲ್ಲೂಕಿನ ಪಶ್ಚಿಮದ ಕೊನೆ. ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿ, ಘಟ್ಟದ ಅಂಚಿಗೇ ಕೂತ ಊರು. ಅರಬ್ಬಿ ಸಮುದ್ರ ಇಲ್ಲಿಂದ ನೇರ ಗೆರೆಯಲ್ಲಿ ನಲವತ್ತು ಕಿಲೋಮೀಟರ್ ಆಸುಪಾಸು, ಅಷ್ಟೇ. ಪಶ್ಚಿಮಕ್ಕೆ ನೆಲ ಒಮ್ಮೆಲೇ ಬಿದ್ದುಹೋಗುತ್ತದೆ. ರಾಷ್ಟ್ರೀಯ ಹೆದ್ದಾರಿ 169ಎ ಹದಿನಾಲ್ಕು ಹೇರ್‌ಪಿನ್ ತಿರುವುಗಳನ್ನು ಸುತ್ತಿ ಸೋಮೇಶ್ವರಕ್ಕೆ ಇಳಿಯುವ ಹೊತ್ತಿಗೆ ಐನೂರು ಮೀಟರಿಗೂ ಹೆಚ್ಚು ಎತ್ತರ ಕಳೆದುಕೊಂಡಿರುತ್ತದೆ. ಪೂರ್ವಕ್ಕೆ ಅಂಥ ಇಳಿಜಾರಿಲ್ಲ. ಕಾಡು, ಗದ್ದೆ, ಅಡಿಕೆ ತೋಟಗಳ ನಡುವೆ ನೆಲ ಏರಿಳಿಯುತ್ತ ತೀರ್ಥಹಳ್ಳಿಯತ್ತ ಸಾಗುತ್ತದೆ.

ಮಳೆಯ ಕಥೆಯೆಲ್ಲ ಈ ಅಸಮಾನ ಆಕಾರದಲ್ಲೇ ಇದೆ. ನೈಋತ್ಯ ಮಾರುತ ಸಮುದ್ರದ ಮೇಲೆ ತೇವ ತುಂಬಿಕೊಂಡು ಬಂದು ಘಟ್ಟದ ಗೋಡೆಗೆ ಹೆಚ್ಚುಕಡಿಮೆ ಎದುರಾಎದುರು ಬಡಿಯುತ್ತದೆ. ಪಕ್ಕಕ್ಕೆ ಸರಿಯಲು ದಾರಿಯಿಲ್ಲದ ಗಾಳಿ ಮೇಲಕ್ಕೇಳಬೇಕು. ಮೇಲೆದ್ದ ಗಾಳಿ ತಣಿಯುತ್ತದೆ, ತಣಿದಂತೆ ತೇವ ಹಿಡಿದಿಟ್ಟುಕೊಳ್ಳುವ ಶಕ್ತಿ ಕುಂದುತ್ತದೆ, ಹೊರೆ ಇಳಿಯುತ್ತದೆ. ಗರಿಷ್ಠ ಮಳೆ ಬೀಳುವುದು ಅತಿ ಎತ್ತರದ ಶಿಖರದಲ್ಲಿ ಎಂಬ ನಂಬಿಕೆ ಸರಿಯಲ್ಲ. ಅದು ಬೀಳುವುದು ಏರು ಮುಗಿಯುವ ಅಂಚಿನ ಆಚೀಚೆ. ಆಗುಂಬೆ ಇರುವುದೂ ಅಲ್ಲೇ. ಹಾಗಾಗಿ ಕರಾವಳಿಯ ಉಡುಪಿಗೆ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಮೇಲೆ ಬಿದ್ದರೆ ಆಗುಂಬೆಗೆ ಏಳೂವರೆ ಸಾವಿರದ ಆಸುಪಾಸು. ಮೂವತ್ತಮೂರು ಕಿಲೋಮೀಟರ್ ಪೂರ್ವಕ್ಕಿರುವ ತೀರ್ಥಹಳ್ಳಿಗೆ ಬರುವಾಗ ಅದು ಸುಮಾರು ಮೂರು ಸಾವಿರಕ್ಕೆ ಇಳಿದಿರುತ್ತದೆ. ಇನ್ನೂ ಅರವತ್ತು ಕಿಲೋಮೀಟರ್ ಮುಂದೆ ಶಿವಮೊಗ್ಗಕ್ಕೆ ಸಾವಿರ ಮಿಲಿಮೀಟರ್ ಬಂದರೆ ದೊಡ್ಡದು.

ಅಂದರೆ ಒಂದೇ ಜಿಲ್ಲೆಯೊಳಗೆ, ಬಸ್ಸಿನಲ್ಲಿ ಎರಡು–ಮೂರು ಗಂಟೆಯ ದಾರಿಯಲ್ಲಿ, ಮಳೆ ಏಳು ಪಾಲಿನಿಂದ ಒಂದು ಪಾಲಿಗೆ ಇಳಿಯುತ್ತದೆ. ಇಂಥ ಕಡೆ ‘ಜಿಲ್ಲೆಯ ಸರಾಸರಿ’ ಎಂಬುದು ಯಾವ ಊರಿನ ಮಳೆಯೂ ಅಲ್ಲ. ತಾಲ್ಲೂಕಿನ ಸರಾಸರಿಗೂ ಇದೇ ಮಾತು. ತೀರ್ಥಹಳ್ಳಿ ಪಟ್ಟಣದ ಅಂಕಿ ಹಿಡಿದು ಆಗುಂಬೆ ಹೋಬಳಿಯ ಚರಂಡಿ ಕಟ್ಟಿದರೆ ಅರ್ಧ ನೀರು ರಸ್ತೆಯ ಮೇಲೆ ಹರಿಯುತ್ತದೆ.

ಬಿದ್ದ ನೀರು ಎತ್ತ ಹೋಗುತ್ತದೆ ಎಂಬುದೂ ಈ ಅಂಚಿನಲ್ಲೇ ತೀರ್ಮಾನವಾಗುತ್ತದೆ. ಪಶ್ಚಿಮಕ್ಕೆ ಸರಿದ ನೀರು ಸೀತಾನದಿಯ ಪಾಲು. ಬರ್ಕಣದಲ್ಲಿ 250 ಮೀಟರಿಗೂ ಹೆಚ್ಚು ಎತ್ತರದಿಂದ ಕಣಿವೆಗೆ ಧುಮುಕಿ, ಹೆಬ್ರಿಯ ಸೀಮೆ ದಾಟಿ, ಕೆಲವೇ ಗಂಟೆಗಳಲ್ಲಿ ಅರಬ್ಬಿ ಸಮುದ್ರದ ದಾರಿ ಹಿಡಿಯುತ್ತದೆ. ಪೂರ್ವದ ಮಗ್ಗುಲಿನ ನೀರು ಮಾಲತಿ ಹೊಳೆಯ ಮೂಲಕ ತುಂಗೆಗೆ, ಕೂಡ್ಲಿಯಲ್ಲಿ ಭದ್ರೆಯ ಜೊತೆಗೆ, ಕೊನೆಗೆ ಕೃಷ್ಣೆಯೊಡನೆ ಬಂಗಾಳ ಕೊಲ್ಲಿಗೆ. ಹೊಸಪೇಟೆಯ ಜಲಾಶಯಕ್ಕೆ ಎಷ್ಟು ಒಳಹರಿವು ಬಂದೀತು ಎಂದು ಕಾಯುವವರಿಗೂ ಆಗುಂಬೆಯ ಮಳೆಮಾಪಕ ಬೇಕು, ಹೆಬ್ರಿಯ ಕೆಳಗೆ ಹೊಳೆದಂಡೆಯ ಗದ್ದೆಯವರಿಗೂ ಬೇಕು. ಇಬ್ಬರಿಗೂ ಬೇಕಾದ ಅಂಕಿ ಮಾತ್ರ ಒಂದೇ ಅಲ್ಲ. ಜಲಾಶಯದವರಿಗೆ ದಿನದ ಮೊತ್ತ ಸಾಕು. ಹೊಳೆದಂಡೆಯವರಿಗೆ ಕಳೆದ ಒಂದು ಗಂಟೆಯಲ್ಲಿ ಬಿದ್ದದ್ದೆಷ್ಟು ಎಂಬುದೇ ಮುಖ್ಯ.

ಈಗ ಚರಿತ್ರೆಗೆ ಬರೋಣ. ದಾಖಲೆ ಇಬ್ಭಾಗವಾದದ್ದು ಅಲ್ಲೇ.

ಕೆಳದಿ ನಾಯಕರ ಕಾಲದಲ್ಲಿ, ಅಂದರೆ 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿಯುವವರೆಗೆ, ಘಟ್ಟದ ಮೇಲೂ ಕೆಳಗೂ ಒಂದೇ ಆಳ್ವಿಕೆ. ಕರಾವಳಿಯ ಬಂದರುಗಳಿಗೂ ಮಲೆನಾಡಿಗೂ ನಡುವೆ ಮೆಣಸು, ಅಡಿಕೆ, ಅಕ್ಕಿ, ಉಪ್ಪು ಓಡಾಡಿದ್ದು ಘಟ್ಟದ ಇಂಥ ಕಂಡಿಗಳಲ್ಲೇ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಗೆರೆ ಬಿತ್ತು. ನಗರ (ಹಿಂದಿನ ಬಿದನೂರು) ಸೀಮೆ ಮೈಸೂರಿನ ಒಡೆಯರಿಗೆ ಉಳಿಯಿತು. ಕರಾವಳಿಯ ಕೆನರಾ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋಗಿ ಮದ್ರಾಸಿನ ಆಡಳಿತಕ್ಕೆ ಸೇರಿತು. ಮುಂದೆ ಉತ್ತರ ಕೆನರಾ ಮುಂಬೈಗೆ ಹೋದರೂ ದಕ್ಷಿಣ ಕೆನರಾ ಮದ್ರಾಸಿನಲ್ಲೇ ಉಳಿಯಿತು. 1956ರ ನವೆಂಬರ್ 1ರವರೆಗೆ ಆಗುಂಬೆ ಒಂದು ರಾಜ್ಯದ ಕೊನೆಯ ಊರು, ಸೋಮೇಶ್ವರ ಇನ್ನೊಂದರ ಮೊದಲ ಊರು.

ಮಳೆ ಅಳೆಯುವ ವ್ಯವಸ್ಥೆ ಬೇರೂರಿದ್ದು ಸರಿಯಾಗಿ ಈ ಅವಧಿಯಲ್ಲೇ. ಭಾರತೀಯ ಹವಾಮಾನ ಇಲಾಖೆ ಆರಂಭವಾದದ್ದು 1875ರಲ್ಲಿ. ಮೈಸೂರು ಸಂಸ್ಥಾನಕ್ಕೆ ತನ್ನದೇ ಹವಾಮಾನ ಇಲಾಖೆ ಇತ್ತು, ಅದು ತನ್ನದೇ ವರದಿಗಳನ್ನು ಅಚ್ಚು ಹಾಕಿಸುತ್ತಿತ್ತು. ಪರಿಣಾಮವೇನು? ಘಟ್ಟದ ಬುಡ ಮತ್ತು ನೆತ್ತಿಯ ಮಳೆ ಎರಡು ಸರ್ಕಾರಗಳ ಎರಡು ಸರಣಿಗಳಲ್ಲಿ ಹಂಚಿಹೋಯಿತು. ಏಕೀಕರಣವಾದ ಮೇಲೂ ಗೆರೆ ಪೂರ್ತಿ ಅಳಿಸಿಲ್ಲ: ನೆತ್ತಿ ಶಿವಮೊಗ್ಗ ಜಿಲ್ಲೆ, ಬುಡ ಆಗ ದಕ್ಷಿಣ ಕನ್ನಡ, 1997ರಿಂದ ಉಡುಪಿ ಜಿಲ್ಲೆ. ಶೃಂಗೇರಿ ಕಡೆಗೆ ಕೆಲವು ಮೈಲಿ ಹೋದರೆ ಚಿಕ್ಕಮಗಳೂರು. ಮೋಡ ಮೂರೂ ಜಿಲ್ಲೆಗಳ ಮೇಲೆ ಒಂದೇ ಹೊತ್ತಿಗೆ ಸುರಿಯುತ್ತದೆ, ವರದಿ ಮೂರು ಕಚೇರಿಗಳಿಗೆ ಹೋಗುತ್ತದೆ. ಹತ್ತು–ಹನ್ನೆರಡು ಕಿಲೋಮೀಟರಿನ ಒಂದು ಘಟ್ಟದ ಮಳೆಯನ್ನು ಒಂದೇ ಹಾಳೆಯಲ್ಲಿ ನೋಡಬೇಕೆಂದರೆ ಮೇಲಿನದೂ ಕೆಳಗಿನದೂ ಕೂಡಿಸಿದ ಪಟ್ಟಿ ಬೇಕು. ನಮ್ಮ ಮೊದಲ ಕೋರಿಕೆ ಇದೇ. ಹಳೆಯದರಿಂದ ಇಂದಿನವರೆಗೆ ಆಗುಂಬೆ, ಸೋಮೇಶ್ವರ–ಹೆಬ್ರಿ, ಶೃಂಗೇರಿ, ತೀರ್ಥಹಳ್ಳಿಯ ದಿನವಾರು ಮಳೆಯನ್ನು ಒಂದೇ ಕೋಷ್ಟಕಕ್ಕೆ ತಂದು ಸಾರ್ವಜನಿಕರಿಗೆ ಕೊಡಿ.

ಹಾಗೆ ತರುವಾಗ ಎಲ್ಲಿ ಎಡವುತ್ತೇವೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಹಳೆಯ ದಾಖಲೆಗಳು ಇಂಚು ಮತ್ತು ಸೆಂಟುಗಳಲ್ಲಿವೆ (ಸೆಂಟ್ ಎಂದರೆ ಇಂಚಿನ ನೂರನೇ ಒಂದು ಪಾಲು). ಮಲೆನಾಡಿನ ಎಷ್ಟೋ ಕಾಫಿ, ಅಡಿಕೆ ಮನೆಗಳಲ್ಲಿ ಇಂದಿಗೂ ‘ನಿನ್ನೆ ನಾಲ್ಕು ಇಂಚು ಇಪ್ಪತ್ತು ಸೆಂಟ್’ ಎಂದೇ ಲೆಕ್ಕ. ಇಂಚನ್ನು 25.4ರಿಂದ ಗುಣಿಸಬೇಕು, ಅದು ಸುಲಭ. ತಪ್ಪಾಗುವುದು ಬಿಂದು ಇಡುವಲ್ಲಿ. 4 ಇಂಚು 5 ಸೆಂಟು ಎಂದರೆ 4.05, ಅದನ್ನು 4.5 ಎಂದು ಟೈಪ್ ಮಾಡಿದರೆ ಹನ್ನೊಂದು ಮಿಲಿಮೀಟರ್ ಹೆಚ್ಚಾಯಿತು. ತಿಂಗಳ ಮೊತ್ತವನ್ನು ಬರೆದಿರುವ ಕಡೆ ದಿನಗಳ ಮೊತ್ತದೊಂದಿಗೆ ತಾಳೆ ನೋಡಿದರೆ ಇಂಥವು ಸಿಕ್ಕಿಬೀಳುತ್ತವೆ.

ಎರಡನೆಯದು ದಿನಾಂಕ. ನಿಯಮದಂತೆ ಬೆಳಿಗ್ಗೆ 8:30ಕ್ಕೆ ಅಳೆದದ್ದನ್ನು ಅಳೆದ ದಿನದ ಹೆಸರಿಗೇ ಬರೆಯಬೇಕು. ಜುಲೈ 10ರ ಮಳೆ ಎಂದರೆ 9ರ ಬೆಳಿಗ್ಗೆ 8:30ರಿಂದ 10ರ ಬೆಳಿಗ್ಗೆ 8:30ರವರೆಗೆ ಬಿದ್ದದ್ದು. ಜನ ಇದನ್ನು ‘ನಿನ್ನೆಯ ಮಳೆ’ ಎನ್ನುತ್ತಾರೆ, ಮನೆಯ ಡೈರಿಗಳಲ್ಲಿ ನಿನ್ನೆಯ ತಾರೀಖಿಗೇ ಬರೆಯುತ್ತಾರೆ. ಯಂತ್ರಗಳಿಂದ ಬರುವ ಅಂಕಿಯನ್ನು ಕೆಲವೊಮ್ಮೆ ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಕೂಡುತ್ತಾರೆ. ಮೂರೂ ಬೆರೆತರೆ ಒಂದೇ ದೊಡ್ಡ ಮಳೆ ಬೇರೆ ಬೇರೆ ದಿನಾಂಕಗಳಲ್ಲಿ ತಲೆಯೆತ್ತುತ್ತದೆ. ಗುಡ್ಡ ಕುಸಿದ ದಿನಕ್ಕೂ ಮಳೆಯ ದಿನಕ್ಕೂ ಹೊಂದಿಕೆಯಾಗಲಿಲ್ಲ ಎಂದು ಗಾಬರಿಯಾಗುವ ಮುನ್ನ ಇದನ್ನು ಪರೀಕ್ಷಿಸಬೇಕು.

ಮೂರನೆಯದು ಎಲ್ಲಕ್ಕಿಂತ ಅಪಾಯಕಾರಿ: ಖಾಲಿ ಮನೆಗೆ ಸೊನ್ನೆ ತುಂಬುವುದು. ಅಳೆಯದ ದಿನಕ್ಕೆ ಗೆರೆ ಎಳೆಯಬೇಕು. ಮಳೆ ಇಲ್ಲದ ದಿನಕ್ಕೆ 0.0 ಬರೆಯಬೇಕು. ಆಗುಂಬೆಯಲ್ಲಿ ಜುಲೈ ತಿಂಗಳೊಂದೇ ಎರಡು ಸಾವಿರ ಮಿಲಿಮೀಟರ್ ದಾಟುವುದು ಸಾಮಾನ್ಯ, ಅಂದರೆ ದಿನಕ್ಕೆ ಸರಾಸರಿ 65ರ ಮೇಲೆ. ಯಂತ್ರ ನಾಲ್ಕು ದಿನ ಮೂಕವಾಗಿದ್ದು ಅಲ್ಲಿ ಸೊನ್ನೆ ಕೂತರೆ 260 ಮಿಲಿಮೀಟರ್ ಮಾಯ. ಯಂತ್ರ ನಿಲ್ಲುವುದು ಜೋರು ಮಳೆಯ ದಿನಗಳಲ್ಲೇ ಆದ್ದರಿಂದ ಮಾಯವಾದದ್ದು ಅದರ ದುಪ್ಪಟ್ಟೂ ಇರಬಹುದು. ಬಿರುದಿನ ಪೈಪೋಟಿಯಲ್ಲಿ ಒಂದು ಊರು ಸೋಲುವುದಕ್ಕೆ ಇಷ್ಟು ಸಾಕು. ಯಾರು ಗೆದ್ದರೆ ಏನು ಎಂದು ಬಿಡಬಹುದು, ಆದರೆ ಮೂವತ್ತು ವರ್ಷದ ವಾಡಿಕೆ ಮಳೆಯನ್ನು ಲೆಕ್ಕ ಹಾಕುವಾಗ ಈ ಸುಳ್ಳು ಸೊನ್ನೆಗಳು ಬದಿಗೆ ಸರಿಯುವುದಿಲ್ಲ.

ಮಾಪಕವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸ್ಥಳಾಂತರಿಸಿದ್ದು ದಾಖಲಾಗದೆ ಹೋದರೂ ಅದನ್ನು ಪತ್ತೆ ಹಚ್ಚುವ ದಾರಿಯಿದೆ. ಆಗುಂಬೆಯ ವಾರ್ಷಿಕ ಮಳೆಯನ್ನು ವರ್ಷದಿಂದ ವರ್ಷಕ್ಕೆ ಕೂಡುತ್ತ ಹೋಗಿ ಒಂದು ಅಕ್ಷದಲ್ಲಿಡಿ. ಸುತ್ತಲಿನ ನಾಲ್ಕೈದು ಊರುಗಳ ಸರಾಸರಿಯನ್ನು ಹಾಗೆಯೇ ಕೂಡಿ ಇನ್ನೊಂದು ಅಕ್ಷದಲ್ಲಿಡಿ. ಎಲ್ಲ ಸರಿಯಿದ್ದರೆ ಚುಕ್ಕೆಗಳು ಒಂದು ನೇರ ಗೆರೆಯ ಮೇಲೆ ಬೀಳುತ್ತವೆ. ಯಾವುದೋ ವರ್ಷದಿಂದ ಗೆರೆ ಬೇರೆ ಓರೆಗೆ ತಿರುಗಿದರೆ ಬದಲಾದದ್ದು ಮಳೆಯಲ್ಲ, ಮಾಪಕ. ಜಾಗ ಬದಲಾಗಿದೆ, ಇಲ್ಲವೇ ಪಕ್ಕದಲ್ಲಿ ಮರ ಬೆಳೆದಿದೆ, ಇಲ್ಲವೇ ಉಪಕರಣ ಬೇರೆ ಬಂದಿದೆ. ಅಂತರಜಾಲದಲ್ಲಿ ಆಗುಂಬೆಯ ಎತ್ತರಕ್ಕೇ 640ರಿಂದ 820 ಮೀಟರ್‌ವರೆಗೆ ತರಹೇವಾರಿ ಅಂಕಿಗಳಿವೆ. ಊರಿನ ಎತ್ತರ ಎಷ್ಟಾದರೂ ಇರಲಿ, ಮಾಪಕ ನಿಂತ ಜಾಗದ ಅಕ್ಷಾಂಶ, ರೇಖಾಂಶ, ಎತ್ತರ ರಿಜಿಸ್ಟರಿನ ಮೊದಲ ಪುಟದಲ್ಲಿರಲಿ. ಸರಿಸಿದ ದಿನಾಂಕವೂ ಅಲ್ಲೇ ಇರಲಿ.

ಇನ್ನು ಅಳತೆಯ ವಿಷಯ. 1946ರ ಆಗಸ್ಟ್ ಒಂದೇ ತಿಂಗಳಲ್ಲಿ ಆಗುಂಬೆಯಲ್ಲಿ 4,508 ಮಿಲಿಮೀಟರ್ ಬಿತ್ತೆಂದು ಉಲ್ಲೇಖಗಳಿವೆ. ದಿನಕ್ಕೆ ಸರಾಸರಿ 145. ಆ ಕಾಲದಲ್ಲಿ ಬಳಕೆಯಲ್ಲಿದ್ದದ್ದು ಐದು ಇಂಚು ವ್ಯಾಸದ ಸೈಮನ್ಸ್ ಮಾಪಕ. ಒಳಗಿನ ಶೀಸೆ ಬೇಗ ತುಂಬಿ ಉಕ್ಕುತ್ತದೆ, ಉಕ್ಕಿದ್ದು ಹೊರಗಿನ ಡಬ್ಬಿಯಲ್ಲಿ ನಿಲ್ಲುತ್ತದೆ. ಅದನ್ನೂ ಬಿಡದೆ ಅಳೆದು ಕೂಡಿಸಬೇಕು. ಅಂಥ ತಿಂಗಳಲ್ಲಿ ದಿನಕ್ಕೆ ಹಲವು ಸಲ ಕೊಪ್ಪೆ ಹೊದ್ದು ಹೋಗಿ ಅಳೆಯದೆ ಈ ಲೆಕ್ಕ ಸಿಗುವುದಿಲ್ಲ. ಹೆಸರು ಉಳಿಯದ ಆ ಕೆಲಸದವರ ಶ್ರದ್ಧೆಯ ಮೇಲೆ ಇಂದಿನ ನಮ್ಮ ಹೆಮ್ಮೆ ನಿಂತಿದೆ ಎಂಬುದನ್ನು ಮರೆಯಬಾರದು.

ಈಗಿನ ಫೈಬರ್ ಮಾಪಕದಲ್ಲಿ ನೀರು ಹಿಡಿಯುವ ಬಾಯಿ 200 ಚದರ ಸೆಂಟಿಮೀಟರ್ ಅಥವಾ 100 ಚದರ ಸೆಂಟಿಮೀಟರ್. ಶೀಸೆ 2, 4 ಅಥವಾ 10 ಲೀಟರಿನದು. ಲೆಕ್ಕ ಸರಳ. 200 ಚದರ ಸೆಂಟಿಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ 20 ಮಿಲಿಲೀಟರ್ ನೀರು. ಆದ್ದರಿಂದ 4 ಲೀಟರ್ ಶೀಸೆ 200 ಮಿಲಿಮೀಟರಿಗೆ ತುಂಬುತ್ತದೆ. ಬಯಲುಸೀಮೆಗೆ ಅದು ಧಾರಾಳ. ಆಗುಂಬೆಗೆ ಸಾಲದು, ಏಕೆಂದರೆ ಹವಾಮಾನ ಇಲಾಖೆ ‘ಅತ್ಯಂತ ಭಾರಿ’ ಎಂದು ಕರೆಯುವ 204.5 ಮಿಲಿಮೀಟರ್ ದಾಟಿದ ದಿನ, ಅಂದರೆ ಅಳತೆ ಅತಿ ಮುಖ್ಯವಾದ ದಿನವೇ, ಶೀಸೆ ಉಕ್ಕಿರುತ್ತದೆ. ಇಲ್ಲಿ 200 ಚದರ ಸೆಂಟಿಮೀಟರಿನ ಬಾಯಿಗೆ 10 ಲೀಟರ್ ಶೀಸೆಯೇ ಇರಬೇಕು, ಆಗ 500 ಮಿಲಿಮೀಟರ್‌ವರೆಗೆ ನಿರಾಳ. 100ರ ಬಾಯಿಗೆ 10 ಲೀಟರ್ ಇಟ್ಟರೆ ಸಾವಿರದವರೆಗೂ ಹಿಡಿಸುತ್ತದೆ, ಆದರೆ ಚಿಕ್ಕ ಬಾಯಿಯಲ್ಲಿ ಗಾಳಿಯ ದೋಷ ಹೆಚ್ಚು. ಯಾವುದೇ ಶೀಸೆ ಇದ್ದರೂ ಜಡಿಮಳೆಯ ದಿನ ಸಂಜೆ ಒಮ್ಮೆ, ಮಲಗುವ ಮುನ್ನ ಒಮ್ಮೆ ಅಳೆದು ಖಾಲಿ ಮಾಡಿ, ಬೆಳಿಗ್ಗೆಯದಕ್ಕೆ ಕೂಡಿಸುವುದೇ ಕ್ಷೇಮ.

ಮಾಪಕದ ಜೊತೆ ಬರುವ ಅಳತೆ ಜಾಡಿ ಆ ಬಾಯಿಗೆಂದೇ ಗೀಟು ಹಾಕಿದ್ದು. 200ರ ಬಾಯಿಗೆ 100ರ ಜಾಡಿ ಬಳಸಿದರೆ ಮಳೆ ದುಪ್ಪಟ್ಟಾಗುತ್ತದೆ, ತಿರುಗಾಮುರುಗಾ ಆದರೆ ಅರ್ಧವಾಗುತ್ತದೆ. ಜಾಡಿ ಒಡೆದು ಹೊಸದು ತರಿಸುವಾಗ ಹೀಗಾಗುವ ಸಾಧ್ಯತೆ ಹೆಚ್ಚು, ಆಮೇಲೆ ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ. ಜಾಡಿ ಎಷ್ಟು ಸಲ ತುಂಬಿತು ಎಂದು ಎಣಿಸುವಾಗಲೂ ತಪ್ಪುತ್ತದೆ: 20 ಮಿಲಿಮೀಟರ್ ಅಳೆಯುವ ಜಾಡಿಯಲ್ಲಿ 380 ಮಿಲಿಮೀಟರ್ ಅಳೆಯಲು ಹತ್ತೊಂಬತ್ತು ಸಲ ಸುರಿಯಬೇಕು, ನಡುವೆ ಫೋನು ಬಂದರೆ ಒಂದು ಎಣಿಕೆ ಹೋಯಿತು. ಇದಕ್ಕೆ ಅಗ್ಗದ ಉಪಾಯವಿದೆ. ಶೀಸೆಯನ್ನು ಅಡಿಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಖಾಲಿ ಶೀಸೆಯ ತೂಕ ಕಳೆದು, ಗ್ರಾಮನ್ನು 20ರಿಂದ ಭಾಗಿಸಿ. 7,600 ಗ್ರಾಮ್ ಇದ್ದರೆ 380 ಮಿಲಿಮೀಟರ್. ಜಾಡಿಯ ಲೆಕ್ಕಕ್ಕೂ ತಕ್ಕಡಿಯ ಲೆಕ್ಕಕ್ಕೂ ಒಂದೆರಡು ಮಿಲಿಮೀಟರಿಗಿಂತ ಹೆಚ್ಚು ಅಂತರ ಬಂದರೆ ಚೆಲ್ಲುವ ಮುನ್ನ ಮತ್ತೆ ಅಳೆಯಿರಿ.

ಜಾಗದ ಆಯ್ಕೆಯಲ್ಲಿ ಮಲೆನಾಡಿನ ತೊಂದರೆಯೇ ಬೇರೆ. ಸುತ್ತ ಮರ, ಬಯಲಿಗೆ ಬಂದರೆ ಗಾಳಿ. ಮಾಪಕದಿಂದ ಮರಕ್ಕೋ ಕಟ್ಟಡಕ್ಕೋ ಇರುವ ದೂರ ಅದರ ಎತ್ತರದ ಎರಡರಷ್ಟಾದರೂ ಇರಬೇಕು. ಹತ್ತು ಮೀಟರ್ ಮರಕ್ಕೆ ಇಪ್ಪತ್ತು ಮೀಟರ್. ಬಾಯಿಯ ಅಂಚು ನೆಲದಿಂದ 30 ಸೆಂಟಿಮೀಟರ್ ಎತ್ತರದಲ್ಲಿ, ರಸಮಟ್ಟದಲ್ಲಿ ನೋಡಿದರೆ ಸಪಾಟಾಗಿರಬೇಕು. ಸುತ್ತ ಸಿಮೆಂಟ್ ಹಾಸಬೇಡಿ, ಆಗುಂಬೆಯ ದಪ್ಪ ಹನಿ ಸಿಮೆಂಟಿಗೆ ಬಡಿದು ಸಿಡಿದು ಒಳಗೆ ಬೀಳುತ್ತದೆ. ಕತ್ತರಿಸಿದ ಹುಲ್ಲು ಒಳ್ಳೆಯದು. ಕಟ್ಟಡದ ತಾರಸಿ ಸುರಕ್ಷಿತವೆಂದು ಅಲ್ಲಿಡುವ ಆಸೆ ಬೇಡ: ಗೋಡೆಗೆ ಬಡಿದ ಗಾಳಿ ಮೇಲೆದ್ದು ಹನಿಗಳನ್ನು ಮಾಪಕದ ಬಾಯಿಯಿಂದ ಆಚೆಗೆ ಒಯ್ಯುತ್ತದೆ. ಸೂರ್ಯಾಸ್ತ ನೋಡುವ ಕಟ್ಟೆಯಂಥ ಘಟ್ಟದ ತುದಿಯಲ್ಲೂ ಅದೇ ತೊಂದರೆ. ಅಲ್ಲಿ ಮಳೆ ಮೇಲಿನಿಂದಷ್ಟೇ ಅಲ್ಲ, ಕೆಳಗಿನ ಕಣಿವೆಯಿಂದಲೂ ಬರುತ್ತದೆ ಎಂಬುದು ಕೊಡೆ ಹಿಡಿದು ನಿಂತ ಪ್ರವಾಸಿಗೂ ಗೊತ್ತು. ಮಂಜು ಎಲೆಗಳ ಮೇಲೆ ಕೂತು ತೊಟ್ಟಿಕ್ಕುವ ನೀರನ್ನಂತೂ ಯಾವ ಮಾಪಕವೂ ಹಿಡಿಯುವುದಿಲ್ಲ. ಕಾಡಿನ ನೆಲಕ್ಕೆ ಅದೂ ಸೇರುತ್ತದೆ.

ಸ್ವಯಂಚಾಲಿತ ಯಂತ್ರಗಳು ಬಂದದ್ದು ದೊಡ್ಡ ಉಪಕಾರ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಹದಿನೈದು ನಿಮಿಷಕ್ಕೊಮ್ಮೆ ಅಂಕಿ ಕಳಿಸುವ ವ್ಯವಸ್ಥೆ ಬಹಳ ರಾಜ್ಯಗಳಲ್ಲಿಲ್ಲ. ಆದರೆ ಇಂಥ ಯಂತ್ರಗಳಲ್ಲಿ ಸಾಮಾನ್ಯವಾಗಿರುವ ಮಗುಚುವ ಬಟ್ಟಲಿಗೆ ಒಂದು ಹುಟ್ಟುಗುಣವಿದೆ. ಪುಟ್ಟ ಬಟ್ಟಲು ತುಂಬಿದಾಗ ಮಗುಚಿ ಒಂದು ಎಣಿಕೆ ಕಳಿಸುತ್ತದೆ. ಮಗುಚುವ ಆ ಅರೆಕ್ಷಣದಲ್ಲಿ ಬೀಳುವ ನೀರು ಲೆಕ್ಕಕ್ಕೆ ಸಿಗದು. ತುಂತುರಿನಲ್ಲಿ ಇದು ನಗಣ್ಯ. ಗಂಟೆಗೆ ಎಂಬತ್ತು ನೂರು ಮಿಲಿಮೀಟರ್ ಸುರಿಯುವಾಗ ನಷ್ಟ ಕಣ್ಣಿಗೆ ಕಾಣುವಷ್ಟಾಗುತ್ತದೆ. ಯಂತ್ರ ತಪ್ಪುವುದು ಯಾವಾಗಲೂ ಕಡಿಮೆಯ ಕಡೆಗೆ, ಅದೂ ಅತಿ ಜೋರಿನ ಹೊತ್ತಿನಲ್ಲಿ.

ಪರೀಕ್ಷಿಸುವುದು ಕಷ್ಟವಲ್ಲ. ಬಾಯಿ 200 ಚದರ ಸೆಂಟಿಮೀಟರ್ ಇರುವ ಯಂತ್ರಕ್ಕೆ ಒಂದು ಲೀಟರ್ ನೀರು ಎಂದರೆ 50 ಮಿಲಿಮೀಟರ್ ಮಳೆ. ಬಟ್ಟಲು 0.5 ಮಿಲಿಮೀಟರಿಗೆ ಮಗುಚುವುದಾದರೆ ನೂರು ಎಣಿಕೆ ಬರಬೇಕು. ತಳದಲ್ಲಿ ಸಣ್ಣ ತೂತಿರುವ ಶೀಸೆಯಿಂದ ಆ ಲೀಟರನ್ನು ಒಂದು ಗಂಟೆಯಲ್ಲಿ ಇಳಿಸಿ, ಆಮೇಲೆ ಅರ್ಧ ಗಂಟೆಯಲ್ಲಿ, ಆಮೇಲೆ ಕಾಲು ಗಂಟೆಯಲ್ಲಿ. ಮೂರು ಸಲದ ಎಣಿಕೆ ಬರೆದಿಟ್ಟರೆ ಗಂಟೆಗೆ 50, 100, 200 ಮಿಲಿಮೀಟರ್ ವೇಗದಲ್ಲಿ ಯಂತ್ರ ಎಷ್ಟು ತಿನ್ನುತ್ತದೆ ಎಂಬುದು ಕೈಗೆ ಸಿಗುತ್ತದೆ. ಈ ತಿದ್ದುಪಡಿಯನ್ನು ಮೂಲ ಅಂಕಿಯ ಮೇಲೆ ಬರೆಯದೆ ಪಕ್ಕದ ಕಾಲಂನಲ್ಲಿ ಇಡಬೇಕು. ಮಳೆಗಾಲಕ್ಕೆ ಮುಂಚೆ ಮೇ ತಿಂಗಳಲ್ಲಿ ಒಮ್ಮೆ, ಆಗಸ್ಟಿನ ಹೊಳವಿನಲ್ಲಿ, ಅಂದರೆ ಮಳೆ ಬಿಡುವು ಕೊಟ್ಟಾಗ, ಒಮ್ಮೆ ಮಾಡಿದರೆ ಸಾಕು.

ಉಳಿದ ಕಾಟಗಳೆಲ್ಲ ಕಾಡಿನ ಕೊಡುಗೆ. ಆಲಿಕೆಯಲ್ಲಿ ಪಾಚಿ, ಎಲೆ, ಜೇಡನ ಬಲೆ, ಇರುವೆಗೂಡು. ತೂತು ಅರ್ಧ ಮುಚ್ಚಿದರೆ ಮಳೆ ನಿಂತ ಮೇಲೂ ಯಂತ್ರ ಗಂಟೆಗಟ್ಟಲೆ ‘ಸಣ್ಣ ಮಳೆ’ ತೋರಿಸುತ್ತಿರುತ್ತದೆ. ಏರಿಳಿತವಿಲ್ಲದೆ ಒಂದೇ ಸಮ ಬರುವ ಅಂಕಿ ಕಂಡರೆ ಆಲಿಕೆ ಕಟ್ಟಿದೆ ಎಂದೇ ತಿಳಿಯಿರಿ. ವಾರಕ್ಕೊಮ್ಮೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ಮುಗಿಯಿತು. ಇನ್ನು ವಿದ್ಯುತ್ತು. ಸೌರಫಲಕ ನಂಬಿದ ಯಂತ್ರಕ್ಕೆ ಆರಿದ್ರಾ, ಪುನರ್ವಸು ಮಳೆಯಲ್ಲಿ ಬಿಸಿಲೇ ಇಲ್ಲ. 7 ಆಂಪಿಯರ್ ಗಂಟೆಯ ಬ್ಯಾಟರಿಯಲ್ಲಿ ಬಳಸಲು ಯೋಗ್ಯವಾದದ್ದು ಶೇ 60 ಎಂದಿಟ್ಟುಕೊಂಡರೆ, ಸರಾಸರಿ 20 ಮಿಲಿಆಂಪಿಯರ್ ಎಳೆಯುವ ಯಂತ್ರ ಎಂಟೊಂಬತ್ತು ದಿನ ಬದುಕುತ್ತದೆ. ಮಲೆನಾಡಿನಲ್ಲಿ ಹದಿನೈದು ದಿನ ಸೂರ್ಯ ಕಾಣದಿರುವುದು ಹೊಸದಲ್ಲ. ಇಲ್ಲಿಗೆ ದುಪ್ಪಟ್ಟು ಬ್ಯಾಟರಿಯೂ ನೆಟ್‌ವರ್ಕ್ ಹೋದರೂ ಅಂಕಿಯನ್ನು ತನ್ನಲ್ಲೇ ಉಳಿಸಿಕೊಳ್ಳುವ ಲಾಗರೂ ಬೇಕು. ಯಂತ್ರ ಎಷ್ಟೇ ಒಳ್ಳೆಯದಿದ್ದರೂ ಅದರ ಪಕ್ಕದಲ್ಲೇ ಕೈಯಿಂದ ಅಳೆಯುವ ಮಾಪಕ ಇರಲೇಬೇಕು. ಯಂತ್ರ ಮಳೆ ಯಾವಾಗ ಬಿತ್ತೆಂದು ಹೇಳಲಿ, ಶೀಸೆ ಎಷ್ಟು ಬಿತ್ತೆಂದು ಹೇಳಲಿ.

ಇಷ್ಟೆಲ್ಲ ಯಾಕೆ ಎನ್ನುವವರಿಗೆ ಘಟ್ಟದ ರಸ್ತೆಯೇ ಉತ್ತರ. ಮಳೆಗಾಲದಲ್ಲಿ ರಸ್ತೆ ಬದಿಯ ಕಡಿದಾದ ಧರೆ ಕುಸಿದು ಆಗುಂಬೆ ಘಾಟಿ ಬಂದ್ ಆಗುವುದು, ಭಾರಿ ವಾಹನಗಳಿಗೆ ತಡೆ ಹಾಕುವುದು ಎಲ್ಲರಿಗೂ ಗೊತ್ತಿರುವುದೇ. ತಡೆ ಹಾಕುವ ನಿರ್ಧಾರಕ್ಕೆ ನಾಳಿನ ಮುನ್ಸೂಚನೆಯಷ್ಟೇ ಆಧಾರವಾದರೆ ಸಾಲದು. ಒಣಗಿದ ಮಣ್ಣಿನ ಮೇಲೆ ಒಂದೇ ದಿನ 200 ಮಿಲಿಮೀಟರ್ ಬಿದ್ದರೆ ಗುಡ್ಡ ತಾಳಿಕೊಳ್ಳಬಹುದು. ಹದಿನೈದು ದಿನ ನೆನೆದ ಮಣ್ಣಿನ ಮೇಲೆ ಎರಡು ಗಂಟೆಯಲ್ಲಿ 80 ಬಿದ್ದರೆ ತಾಳದಿರಬಹುದು. ಹಾಗಾಗಿ ಕಳೆದ ಹದಿನೈದು ದಿನದ ಮೊತ್ತ, ಕಳೆದ 24 ಗಂಟೆಯ ಮೊತ್ತ, ಕಳೆದ ಮೂರು ಗಂಟೆಯ ಮೊತ್ತ ಈ ಮೂರನ್ನೂ ಒಟ್ಟಿಗೆ ನೋಡಬೇಕು. ಎಷ್ಟಾದರೆ ಅಪಾಯ ಎಂಬ ಗೆರೆಯನ್ನು ಬೇರೆ ರಾಜ್ಯದಿಂದ ಎರವಲು ತರುವಂತಿಲ್ಲ. ಈ ಘಾಟಿಯಲ್ಲೇ ಈವರೆಗೆ ಕುಸಿದ ಪ್ರತಿ ಸ್ಥಳದ ತಿರುವಿನ ಸಂಖ್ಯೆ, ದಿನಾಂಕ, ಗಂಟೆ ಬರೆದು ಮಳೆಯ ಜೊತೆ ಇಟ್ಟು ನೋಡಿದಾಗ ಮಾತ್ರ ಅದು ಮೂಡುತ್ತದೆ. ಅದಕ್ಕೆ ಘಾಟಿಯ ನೆತ್ತಿಯಲ್ಲಿ ಒಂದು, ನಡುವಿನ ತಿರುವೊಂದರಲ್ಲಿ ಒಂದು, ಸೋಮೇಶ್ವರದಲ್ಲಿ ಒಂದು ಹೀಗೆ ಮೂರು ಮಾಪಕ ಬೇಕು. ನಡುವಿನದು ಸೋಮೇಶ್ವರ ವನ್ಯಜೀವಿಧಾಮದ ವ್ಯಾಪ್ತಿಗೆ ಬಂದರೆ ಅರಣ್ಯ ಇಲಾಖೆಯ ಅನುಮತಿಯೂ ಬೇಕಾಗುತ್ತದೆ, ಅದನ್ನು ಮೇ ತಿಂಗಳಲ್ಲಿ ಕೇಳಿದರೆ ತಡವಾಗುತ್ತದೆ.

ಮೋರಿಗಳ ಲೆಕ್ಕವೂ ಇಲ್ಲಿಂದಲೇ. ತಿರುವಿನ ಮೇಲಿನ ಐದು ಹೆಕ್ಟೇರ್ ಇಳಿಜಾರಿನ ಮೇಲೆ ಗಂಟೆಗೆ 60 ಮಿಲಿಮೀಟರ್ ಸುರಿದು, ಅದರಲ್ಲಿ ಶೇ 60 ಹರಿದು ಬಂದರೆ ಸೆಕೆಂಡಿಗೆ 500 ಲೀಟರ್ ನೀರು ಮೋರಿಯ ಬಾಯಿಗೆ ಬರುತ್ತದೆ. ಗಂಟೆಗೆ 100 ಸುರಿದರೆ 830 ಲೀಟರ್ ದಾಟುತ್ತದೆ. ಎಲೆ, ಟೊಂಗೆ, ಮಣ್ಣು ಅರ್ಧ ಮುಚ್ಚಿದ ಕೊಳವೆ ಮೋರಿಯಲ್ಲಿ ಅಷ್ಟು ನೀರು ಹೋಗದು. ರಸ್ತೆ ಹತ್ತಿ ಕೆಳಗಿನ ಧರೆಯ ನೆತ್ತಿಯ ಮೇಲೆ ಬೀಳುತ್ತದೆ, ಆ ಧರೆ ಕೊರೆದು ಮುಂದಿನ ತಿರುವಿನ ಮೇಲೆ ಬೀಳುತ್ತದೆ. ಜನ ‘ಗುಡ್ಡ ಕುಸಿಯಿತು’ ಎನ್ನುವ ಎಷ್ಟೋ ಕಡೆ ಮೊದಲು ಸೋತದ್ದು ಮೇಲಿನ ಮೋರಿ. ಘಾಟಿಗೆ ಸುರಂಗ ಕೊರೆಯುವ ಪ್ರಸ್ತಾವವೂ ಚರ್ಚೆಯಲ್ಲಿದೆ. ಪರ ವಿರೋಧ ಏನೇ ಇರಲಿ, ಬಂಡೆಯೊಳಗೆ ಎಷ್ಟು ನೀರು ಜಿನುಗೀತು ಎಂದು ಅಂದಾಜಿಸಲು ಹೊರಡುವವರು ಮೊದಲು ಕೇಳುವುದು ಇದೇ ಗಂಟೆವಾರು ಮಳೆಯನ್ನು.

ತೋಟದವರ ಅಗತ್ಯ ಇನ್ನೊಂದು ಬಗೆಯದು. ಅಡಿಕೆಯ ಕೊಳೆ ರೋಗಕ್ಕೆ ಶೇ 1ರ ಬೋರ್ಡೋ ದ್ರಾವಣ, ಅಂದರೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಮುಂಗಾರು ಹಿಡಿಯುವ ಮುನ್ನ ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ ಹೊಡೆಯಬೇಕು. ಎರಡನೆಯದು ಬರುವುದು ಜುಲೈ ನಡುವಿನ ಹುಯ್ಯುವ ಮಳೆಯಲ್ಲಿ. ಕೊನೆಗೌಡ ಮರ ಹತ್ತಲೂ ಔಷಧಿ ಗೊನೆಗೆ ಅಂಟಲೂ ಕೆಲವು ಗಂಟೆ ಹೊಳವು ಬೇಕು. ಗೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟುವ ಮನೆಗಳು ಕಡಿಮೆಯಾದ ಮೇಲಂತೂ ಈ ಹೊಳವಿನ ಮೇಲೆಯೇ ಫಸಲು ನಿಂತಿದೆ. ಹದಿನೈದು ನಿಮಿಷದ ಅಂಕಿಗಳನ್ನು ಹತ್ತು ವರ್ಷ ಕೂಡಿಟ್ಟರೆ ಜುಲೈಯ ಯಾವ ವಾರದಲ್ಲಿ, ದಿನದ ಯಾವ ಹೊತ್ತಿನಲ್ಲಿ ನಾಲ್ಕು ಗಂಟೆಯ ಹೊಳವು ಸಿಗುವ ಸಾಧ್ಯತೆ ಹೆಚ್ಚು ಎಂದು ಹೇಳಬಹುದು. ದಿನದ ಮೊತ್ತದಿಂದ ಇದು ಸಿಗುವುದಿಲ್ಲ.

ಕಾಡನ್ನು ಓದುವವರಿಗೂ ಇದೇ ಲೆಕ್ಕ ಬೇಕು. 2005ರಲ್ಲಿ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಆರಂಭವಾದ ಮೇಲೆ ಕಾಳಿಂಗ ಸರ್ಪದ ಬದುಕಿನ ಬಗ್ಗೆ ಇಲ್ಲಿಂದ ಬಂದ ಮಾಹಿತಿ ಅಷ್ಟಿಷ್ಟಲ್ಲ. 2024ರಲ್ಲಿ ಪಶ್ಚಿಮ ಘಟ್ಟದ ಕಾಳಿಂಗವನ್ನು ಪ್ರತ್ಯೇಕ ಪ್ರಭೇದವೆಂದು ಗುರುತಿಸಿ ಅದಕ್ಕೆ ನಮ್ಮ ಕನ್ನಡದ ‘ಕಾಳಿಂಗ’ ಎಂಬ ಹೆಸರನ್ನೇ ಇಟ್ಟರು. ಆ ಹಾವು ಮುಂಗಾರಿಗೆ ಮುಂಚೆ ತರಗೆಲೆ ಒಟ್ಟಿ ಗೂಡು ಮಾಡಿ ಮೊಟ್ಟೆಯಿಡುತ್ತದೆ, ಮರಿಗಳು ಹೊರಬರುವ ಹೊತ್ತಿಗೆ ಮಳೆ ಹಿಡಿದಿರುತ್ತದೆ. ಮಳೆಯ ಆರಂಭ ಹಿಂದೆಮುಂದೆ ಆದರೆ ಗೂಡಿಗೆ ಏನಾಗುತ್ತದೆ ಎಂದು ಕೇಳಬೇಕಾದರೂ ದಿನವಾರು ಲೆಕ್ಕ ಬೇಕು.

ಖರ್ಚಿನ ದೃಷ್ಟಿಯಿಂದ ನಾವು ಕೇಳುತ್ತಿರುವುದು ದೊಡ್ಡದಲ್ಲ. ಮೂರು ಮಾಪಕ, ಹತ್ತು ಲೀಟರಿನ ಶೀಸೆಗಳು, ಬಾಯಿಗೆ ಹೊಂದುವ ಎರಡೆರಡು ಜಾಡಿ, ಒಂದು ತಕ್ಕಡಿ, ದುಪ್ಪಟ್ಟು ಬ್ಯಾಟರಿ, ಮತ್ತು ದಿನಾ ಅಳೆಯುವವರಿಗೆ ಮಳೆಗಾಲದುದ್ದಕ್ಕೂ ತಪ್ಪದ ಗೌರವಧನ. ಕೊನೆಯದೇ ಮುಖ್ಯ. ಒಬ್ಬರನ್ನೇ ನೆಚ್ಚಿದರೆ ಅವರಿಗೆ ಜ್ವರ ಬಂದ ದಿನ ರಿಜಿಸ್ಟರಿಗೂ ಜ್ವರ, ಆದ್ದರಿಂದ ಇಬ್ಬರಿಗೆ ಕಲಿಸಿ. ಎರಡೂ ಜಿಲ್ಲೆಯವರು ತಿಂಗಳಿಗೊಮ್ಮೆ ಅಂಕಿ ವಿನಿಮಯ ಮಾಡಿಕೊಂಡು ಒಂದೇ ಪಟ್ಟಿಯಾಗಿ ಪಂಚಾಯಿತಿಯ ಫಲಕದಲ್ಲೂ ಜಾಲತಾಣದಲ್ಲೂ ಹಾಕಲಿ. ಹಳೆಯ ರಿಜಿಸ್ಟರುಗಳನ್ನು ಗೆದ್ದಲು ತಿನ್ನುವ ಮುನ್ನ ಪುಟಪುಟವೂ ಫೋಟೊ ತೆಗೆಸಿ. ಟೈಪ್ ಮಾಡುವುದು ಆಮೇಲೂ ಆದೀತು. ಮನೆಗಳಲ್ಲಿ ತಲೆಮಾರುಗಳಿಂದ ಇಂಚು–ಸೆಂಟಿನ ಲೆಕ್ಕ ಬರೆದಿಟ್ಟವರು ತಮ್ಮ ಪುಸ್ತಕ ಕೊಡಲು ಮುಂದೆ ಬಂದರೆ ನಕಲು ಮಾಡಿಕೊಂಡು ಅದೇ ದಿನ ಹಿಂದಿರುಗಿಸಿ, ಇಲ್ಲವಾದರೆ ಎರಡನೆಯವರು ಕೊಡುವುದಿಲ್ಲ.

ಹೊಸ ರಿಜಿಸ್ಟರನ್ನು ಜೂನ್ 1ಕ್ಕೆ ಕಾಯದೆ ಏಪ್ರಿಲ್ ಕೊನೆಯ ಗುಡುಗು ಮಳೆಗೇ ತೆರೆಯಿರಿ; ಕೈ ಪಳಗಲು ಒಂದು ತಿಂಗಳು ಸಿಗುತ್ತದೆ. ಬರೆಯಲು ಪೆನ್ನು ಕೊಡಬೇಡಿ. ಜುಲೈಯ ಒದ್ದೆ ಕಾಗದದ ಮೇಲೆ ಶಾಯಿ ಹರಡುತ್ತದೆ, ಬಾಲ್‌ಪೆನ್ನು ಹಿಡಿಯುವುದಿಲ್ಲ, ಪೆನ್ಸಿಲ್ ಮಾತ್ರ ಬರೆಯುತ್ತದೆ.

ಇಂತಿ,
ಮಳೆ ಲೆಕ್ಕದ ಕೆಲಸ ಬಲ್ಲ ಕೆಲವು ನಾಗರಿಕರು